ಬಿಲ್ ಮಾಡುವಾಗ ಕೊಟ್ಟ ಮೊಬೈಲ್ ನಂಬರ್ ಎಲ್ಲೆಲ್ಲಿಗೆ ಹೋಗುತ್ತದೆ?

ಪ್ರಶ್ನೆ: ತಂದೆಯವರಿಗೆಂದು ಅಂಗಡಿಯೊಂದರಲ್ಲಿ ರಕ್ತದೊತ್ತಡ ನೋಡುವ ಯಂತ್ರ ಕೊಂಡೆ. ನಗದು ಕೊಟ್ಟೆ. ಬಿಲ್ ಮಾಡುವಾಗ ಕೇಳಿದರೆಂದು ಮೊಬೈಲ್ ನಂಬರ್ ಹೇಳಿದೆ, ಅಷ್ಟೇ. ಕೆಲವೇ ದಿನಗಳಲ್ಲಿ ನನ್ನ ಫೋನಿನಲ್ಲಿ ಬಿಪಿ, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಜಾಹೀರಾತುಗಳು ಬರತೊಡಗಿದವು. ಆ ಬಗ್ಗೆ ಅಂತರ್ಜಾಲದಲ್ಲಿ ನಾನು ಏನನ್ನೂ ಹುಡುಕಿರಲಿಲ್ಲ. ಫೋನ್ ನಮ್ಮ ಮಾತನ್ನು ಕದ್ದು ಕೇಳುತ್ತದೆಯೇ? ಆನ್‌ಲೈನ್‌ನಲ್ಲಿ ಕೊಳ್ಳುವಾಗ ನಾನು ಬ್ರೌಸರ್‌ನ ಇನ್‌ಕಾಗ್ನಿಟೊ ಎಂಬ ಖಾಸಗಿ ಕಿಟಕಿಯನ್ನು ಬಳಸುತ್ತೇನೆ, ಅದು ಸಾಕೇ? ಕಾರ್ಡ್ ಬಿಟ್ಟು ನಗದನ್ನೇ ಬಳಸಬೇಕೇ? ಈಗಾಗಲೇ ಹತ್ತಾರು ಕಡೆ ಕೊಟ್ಟಿರುವ ನಂಬರನ್ನು ಅಳಿಸಿಹಾಕಿಸಲು ದಾರಿಯಿದೆಯೇ?

ಉತ್ತರ: ನಿಮ್ಮ ಫೋನ್ ಕದ್ದು ಕೇಳಿರುವ ಸಾಧ್ಯತೆ ತೀರಾ ಕಡಿಮೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಗುಟ್ಟಾಗಿ ಮೈಕ್ ಆನ್ ಮಾಡಿ ಧ್ವನಿಯನ್ನು ಹೊರಗೆ ಕಳಿಸುವ ಒಂದೇ ಒಂದು ಆ್ಯಪ್ ಕೂಡ ಅವರ ಕಣ್ಣಿಗೆ ಬೀಳಲಿಲ್ಲ. ಪರದೆಯ ಮೇಲೆ ನಡೆಯುವುದನ್ನು ರೆಕಾರ್ಡ್ ಮಾಡಿ ಬೇರೆ ಕಂಪನಿಗೆ ಕಳಿಸುವ ಆ್ಯಪ್‌ಗಳು ಸಿಕ್ಕವು ಎನ್ನುವುದು ಬೇರೆ ಮಾತು. ಅದಾದ ಮೇಲೆ ಐಫೋನ್‌ನಲ್ಲಿ 2020ರಿಂದ, ಆಂಡ್ರಾಯ್ಡ್‌ನಲ್ಲಿ 2021ರಿಂದ, ಯಾವುದೇ ಆ್ಯಪ್ ಮೈಕ್ ಬಳಸಿದರೆ ಪರದೆಯ ಮೇಲಂಚಿನಲ್ಲಿ ಪುಟ್ಟ ಗುರುತು ಕಾಣಿಸಿಕೊಳ್ಳುವ ವ್ಯವಸ್ಥೆಯೂ ಬಂದಿದೆ. ನಿಮ್ಮ ಪ್ರಕರಣದಲ್ಲಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೀವಾಗಿಯೇ ಹೇಳಿದ ಮೊಬೈಲ್ ನಂಬರ್ ಒಂದೇ ಆ ಕೆಲಸಕ್ಕೆ ಸಾಕು. ನಿಮ್ಮ ಅಂಗಡಿಯವರು ಹೀಗೆಯೇ ಮಾಡಿದ್ದಾರೆ ಎಂದು ಇಲ್ಲಿ ಕುಳಿತು ಹೇಳಲಾರೆ. ಮನೆಯ ಅದೇ ಇಂಟರ್‌ನೆಟ್ ಸಂಪರ್ಕದಲ್ಲಿ ಬೇರೆ ಯಾರಾದರೂ ಬಿಪಿಯ ಬಗ್ಗೆ ಹುಡುಕಿದ್ದರೂ ಇಂಥ ಜಾಹೀರಾತು ಬರಬಹುದು. ಆದರೆ ನಂಬರಿನ ದಾರಿ ಹೇಗಿರುತ್ತದೆ ಎಂಬುದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅಲ್ಲಿಯೇ ಉತ್ತರ ಸಿಗುತ್ತದೆ.

ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ನಿಮ್ಮ ನಂಬರಿನ ಮುಂದೆ ಕೊಂಡ ವಸ್ತು, ದಿನಾಂಕ, ಮೊತ್ತ ದಾಖಲಾಗುತ್ತವೆ. ಈ ಪಟ್ಟಿಯನ್ನು ಅಂಗಡಿಯು ದೊಡ್ಡ ಜಾಹೀರಾತು ಕಂಪನಿಯೊಂದಕ್ಕೆ ಅಪ್‌ಲೋಡ್ ಮಾಡಬಹುದು. ಸಾಮಾನ್ಯವಾಗಿ ನಂಬರನ್ನು ಇದ್ದ ಹಾಗೆಯೇ ಕಳಿಸುವುದಿಲ್ಲ. ಹ್ಯಾಶ್ ಎಂಬ ಗಣಿತದ ಕ್ರಿಯೆಯಿಂದ ಅದನ್ನು ಅರ್ಥವಾಗದ ಉದ್ದನೆಯ ಅಕ್ಷರಸಾಲಾಗಿ ಮಾರ್ಪಡಿಸಿ ಕಳಿಸುತ್ತಾರೆ. ನೀವು ಸಾಮಾಜಿಕ ಜಾಲತಾಣದ ಖಾತೆ ತೆರೆಯುವಾಗ ಇದೇ ನಂಬರ್ ಕೊಟ್ಟಿರುತ್ತೀರಿ. ಜಾಹೀರಾತು ಕಂಪನಿಯು ತನ್ನ ಬಳಿಯಿರುವ ನಂಬರುಗಳಿಗೂ ಅದೇ ಕ್ರಿಯೆ ನಡೆಸಿ ಎರಡನ್ನೂ ಹೋಲಿಸಿ ನೋಡುತ್ತದೆ. ಒಂದೇ ನಂಬರಿನಿಂದ ಯಾವಾಗಲೂ ಒಂದೇ ಅಕ್ಷರಸಾಲು ಹುಟ್ಟುವುದರಿಂದ ನಿಮ್ಮ ಖಾತೆ ತಾಳೆಯಾಗುತ್ತದೆ, ಮತ್ತು ನೀವು ಅಂತರ್ಜಾಲವನ್ನು ಮುಟ್ಟದೆಯೇ ಕೊಂಡ ವಸ್ತು ನಿಮ್ಮ ಅಂತರ್ಜಾಲದ ಗುರುತಿಗೆ ಅಂಟಿಕೊಳ್ಳುತ್ತದೆ.

‘ಹ್ಯಾಶ್ ಮಾಡಿದ ಮಾಹಿತಿಯಿಂದ ಯಾರ ಗುರುತೂ ಸಿಗುವುದಿಲ್ಲ’ ಎಂಬ ಸಮಜಾಯಿಷಿಯನ್ನು ನೀವು ಕೇಳಬಹುದು. ಇದನ್ನು ಒಪ್ಪಬೇಡಿ. ಹತ್ತು ಅಂಕಿಯ ನಂಬರುಗಳು ಎಷ್ಟೇ ಇದ್ದರೂ ಸಾವಿರ ಕೋಟಿಯನ್ನು ಮೀರಲಾರವು. ಅಷ್ಟೂ ನಂಬರುಗಳ ಹ್ಯಾಶ್ ಲೆಕ್ಕ ಹಾಕಿ ಪಟ್ಟಿ ಮಾಡುವುದು ಇಂದಿನ ಕಂಪ್ಯೂಟರುಗಳಿಗೆ ದೊಡ್ಡ ಕೆಲಸವಲ್ಲ. ಅದೂ ಅಲ್ಲದೆ, ಈ ಪಟ್ಟಿಯನ್ನು ಕಳಿಸುವ ಉದ್ದೇಶವೇ ವ್ಯಕ್ತಿಯನ್ನು ಗುರುತಿಸಿ ಜಾಹೀರಾತು ತೋರಿಸುವುದಾಗಿರುವಾಗ, ಗುರುತು ಸಿಗುವುದಿಲ್ಲ ಎನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಹ್ಯಾಶ್ ಮಾಡಿದ ಮಾತ್ರಕ್ಕೆ ಮಾಹಿತಿ ಅನಾಮಧೇಯವಾಗುವುದಿಲ್ಲ ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈನಲ್ಲಿ ನೇರವಾಗಿಯೇ ಹೇಳಿದೆ.

ಇದು ಊಹೆಯ ಮಾತಲ್ಲ ಎನ್ನುವುದಕ್ಕೆ ಕೆನಡಾದ ಒಂದು ಪ್ರಕರಣ ಸಾಕು. ಅಲ್ಲಿನ ಒಬ್ಬರು ತಮ್ಮ ಫೇಸ್‌ಬುಕ್ ಖಾತೆಯನ್ನು ಅಳಿಸಲು ಹೊರಟಾಗ, ತಾವು ಹೋಮ್ ಡಿಪೋ ಮಳಿಗೆಗಳಿಗೆ ಸ್ವತಃ ಹೋಗಿ ಮಾಡಿದ ಖರೀದಿಗಳಲ್ಲಿ ಹೆಚ್ಚಿನವು ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಯ ದಾಖಲೆಯಲ್ಲಿರುವುದನ್ನು ಕಂಡು ದೂರು ಕೊಟ್ಟರು. ಖಾಸಗಿತನ ಆಯುಕ್ತರ ತನಿಖೆಯ ವರದಿ 2023ರ ಜನವರಿಯಲ್ಲಿ ಹೊರಬಂತು. ಕಾಗದದ ರಸೀದಿಯ ಬದಲು ಇಮೇಲ್ ರಸೀದಿ ಕೇಳಿದ ಗ್ರಾಹಕರ ಇಮೇಲ್ ವಿಳಾಸವನ್ನು ಹ್ಯಾಶ್ ಮಾಡಿ, ಖರೀದಿಯ ವಿವರದೊಂದಿಗೆ ಮೆಟಾಗೆ ಕಳಿಸಲಾಗುತ್ತಿತ್ತು. ಹೋಮ್ ಡಿಪೋ ಗ್ರಾಹಕರ ಒಪ್ಪಿಗೆ ಪರೋಕ್ಷವಾಗಿ ಇತ್ತೆಂದೂ, ಪ್ರತಿ ಬಾರಿ ಕೇಳುತ್ತ ಹೋದರೆ ಅವರಿಗೆ ಬೇಸರವಾಗುತ್ತದೆಂದೂ ವಾದಿಸಿತು. ಆಯುಕ್ತರು ಇದನ್ನು ಒಪ್ಪಲಿಲ್ಲ. ಕಂಪನಿ ಅಷ್ಟರೊಳಗೆ, 2022ರ ಅಕ್ಟೋಬರಿನಲ್ಲಿಯೇ, ಈ ಪದ್ಧತಿಯನ್ನು ನಿಲ್ಲಿಸಿತ್ತು. ಇಲ್ಲಿ ಗಮನಿಸಬೇಕಾದದ್ದು, ಆ ಗ್ರಾಹಕರು ಎಚ್ಚರ ತಪ್ಪಿದವರಲ್ಲ. ರಸೀದಿಗೆಂದು ಕೇಳಿದ ವಿಳಾಸವನ್ನು ರಸೀದಿಗೆಂದೇ ಕೊಟ್ಟವರು.

ಆದ್ದರಿಂದ ಖರೀದಿಯಲ್ಲಿ ಖಾಸಗಿತನ ಎಂದರೆ ಏನನ್ನು ಕೊಂಡಿರಿ ಎಂಬುದನ್ನು ಬಚ್ಚಿಡುವುದಲ್ಲ. ಒಂದು ಕಡೆಯ ಖರೀದಿಯನ್ನು ಇನ್ನೊಂದು ಕಡೆಯ ನಿಮ್ಮ ಗುರುತಿಗೆ ಜೋಡಿಸುವ ಕೊಂಡಿಗಳನ್ನು ಕಡಿಮೆ ಮಾಡುವುದು. ಮೊಬೈಲ್ ನಂಬರ್, ಇಮೇಲ್, ಕಾರ್ಡ್ ನಂಬರ್ ಈ ಮೂರೇ ಮುಖ್ಯ ಕೊಂಡಿಗಳು. ಇವುಗಳಲ್ಲಿ ಮೊಬೈಲ್ ನಂಬರ್ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದನ್ನು ನಾವು ವರ್ಷಗಟ್ಟಲೆ ಬದಲಾಯಿಸುವುದಿಲ್ಲ, ಬ್ಯಾಂಕಿಗೂ ಅದನ್ನೇ ಕೊಟ್ಟಿರುತ್ತೇವೆ, ಮನೆ ಬದಲಾದರೂ ಅದು ಬದಲಾಗುವುದಿಲ್ಲ.

ಬಿಲ್ ಕೌಂಟರಿನಲ್ಲಿ ‘ನಂಬರ್ ಬೇಡ, ಹಾಗೇ ಬಿಲ್ ಮಾಡಿ’ ಎಂದರೆ ಬಹಳಷ್ಟು ಕಡೆ ಕೆಲಸ ಮುಗಿಯುತ್ತದೆ. ಕೇಳುವ ಸಿಬ್ಬಂದಿಯ ಮೇಲೆ ಸಿಡುಕಬೇಕಾಗಿಲ್ಲ. ಕೇಳಲೇಬೇಕೆಂದು ಅವರಿಗೆ ಮೇಲಿನವರು ಹೇಳಿರುತ್ತಾರೆ, ಖಾಲಿ ಬಿಟ್ಟರೆ ಎಷ್ಟೋ ಸಾಫ್ಟ್‌ವೇರ್‌ಗಳು ಮುಂದಕ್ಕೆ ಹೋಗುವುದೂ ಇಲ್ಲ, ಮತ್ತು ಅಂಥ ಸಂದರ್ಭಕ್ಕೆಂದು ಅವರ ಬಳಿಯೇ ಒಂದು ಉಪಾಯವಿರುತ್ತದೆ. ಬಾಯಿಗೆ ಬಂದ ಹತ್ತು ಅಂಕಿ ಹೇಳುವುದನ್ನು ಮಾತ್ರ ನಾನು ಬೇಡವೆನ್ನುತ್ತೇನೆ. ಆ ನಂಬರ್ ಇನ್ನಾರದ್ದೋ ಆಗಿರುತ್ತದೆ, ನಿಮ್ಮ ಬಿಲ್ ಅವರಿಗೆ ಹೋಗುತ್ತದೆ, ಅವರ ಹೆಸರಿಗೆ ನಿಮ್ಮ ಖರೀದಿ ಸೇರುತ್ತದೆ. ವಾರಂಟಿಗೆ ನಂಬರ್ ಬೇಕೇ ಬೇಕು ಎಂದರೆ, ಕಾಗದದ ಬಿಲ್ ಮತ್ತು ವಸ್ತುವಿನ ಸೀರಿಯಲ್ ನಂಬರ್ ಸಾಲದೇ ಎಂದು ಒಮ್ಮೆ ಕೇಳಿ ನೋಡಿ; ಸಾಮಾನ್ಯವಾಗಿ ಅವು ಸಾಕು. ಕಾಗದದ ಬಿಲ್ ಶಾಖದಿಂದ ಮುದ್ರಿಸಿದ್ದಾದರೆ ಕೆಲವು ತಿಂಗಳಲ್ಲೇ ಅಕ್ಷರ ಮಾಸಬಹುದು, ಆದ್ದರಿಂದ ಅಂದೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ನಂಬರ್ ಕೊಡದೆ ವಿಧಿಯಿಲ್ಲದ ಕಡೆಗಳೂ ಇವೆ. ಪಾರ್ಸೆಲ್ ತರುವವರು ನಿಮಗೆ ಫೋನ್ ಮಾಡಲೇಬೇಕು. ಇದಕ್ಕೆಂದು ಎರಡನೆಯ ಸಿಮ್ ಇಟ್ಟುಕೊಳ್ಳಲು ಸಾಧ್ಯವಿದ್ದರೆ ಒಳ್ಳೆಯದು. ಎಲ್ಲ ಅಂಗಡಿಗಳಿಗೂ ಅದೇ ಎರಡನೆಯ ನಂಬರ್ ಹೋದರೆ ಅದೂ ಒಂದು ಕೊಂಡಿಯೇ ಆಗುತ್ತದೆ, ನಿಜ. ಆದರೆ ಅದು ನಿಮ್ಮ ಸಾಮಾಜಿಕ ಜಾಲತಾಣದ ಖಾತೆಗೂ ಬ್ಯಾಂಕಿನ ಓಟಿಪಿಗೂ ತಳಕು ಹಾಕಿಕೊಂಡಿರುವುದಿಲ್ಲ. ಅಂಗಡಿಗಳ ಪಟ್ಟಿ ಎಂದಾದರೂ ಸೋರಿಹೋದಾಗ ಬ್ಯಾಂಕಿಗೆ ಕೊಟ್ಟ ನಂಬರ್ ಅದರಲ್ಲಿಲ್ಲ ಎಂಬ ಲಾಭವೇ ಜಾಹೀರಾತು ತಪ್ಪುವುದಕ್ಕಿಂತ ದೊಡ್ಡದೆನಿಸುತ್ತದೆ. ಇಮೇಲ್ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ಆ್ಯಪಲ್‌ನ ‘ಹೈಡ್ ಮೈ ಇಮೇಲ್’, ಮೊಜಿಲ್ಲಾದ ‘ಫೈರ್‌ಫಾಕ್ಸ್ ರಿಲೇ’ಯಂಥ ಸೇವೆಗಳು ಒಂದೊಂದು ಅಂಗಡಿಗೂ ಒಂದೊಂದು ಬೇರೆ ವಿಳಾಸ ಹುಟ್ಟಿಸಿಕೊಡುತ್ತವೆ; ಪತ್ರಗಳೆಲ್ಲ ನಿಮ್ಮ ನಿಜವಾದ ಪೆಟ್ಟಿಗೆಗೇ ಬಂದು ಬೀಳುತ್ತವೆ, ಬೇಡವಾದಾಗ ಆ ಒಂದನ್ನು ಮುಚ್ಚಿದರಾಯಿತು. ಇಮೇಲ್ ವಿಳಾಸದ ನಡುವೆ ಕೂಡಿಸುವ ಚಿಹ್ನೆ (+) ಹಾಕಿ ಅಂಗಡಿಯ ಹೆಸರು ಸೇರಿಸುವ ಹಳೆಯ ತಂತ್ರವನ್ನು ಹಲವರು ಈಗಲೂ ಹೇಳಿಕೊಡುತ್ತಾರೆ. ಯಾರಿಂದ ಸೋರಿತೆಂದು ಪತ್ತೆ ಹಚ್ಚಲು ಅದು ಉಪಯೋಗಕ್ಕೆ ಬರಬಹುದು, ಆದರೆ ಆ ಚಿಹ್ನೆಯಿಂದ ಮುಂದಿನದನ್ನು ಕತ್ತರಿಸಿ ಮೂಲ ವಿಳಾಸ ತೆಗೆಯುವುದು ಯಾವ ಸಾಫ್ಟ್‌ವೇರ್‌ಗೂ ಕಷ್ಟವಲ್ಲ.

ಪಾಯಿಂಟ್ಸ್ ಕಾರ್ಡುಗಳು ಕೊಡುವ ರಿಯಾಯಿತಿ ನಿಜವಾದದ್ದೇ, ಅದನ್ನು ಬಿಟ್ಟುಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ದಿನನಿತ್ಯದ ಸಾಮಾನಿಗೆ ಕಾರ್ಡ್ ಬಳಸಿ, ಆರೋಗ್ಯಕ್ಕೆ ಅಥವಾ ನಿಮ್ಮ ತೀರಾ ಸ್ವಂತ ಬದುಕಿಗೆ ಸಂಬಂಧಿಸಿದ್ದನ್ನು ಕೊಳ್ಳುವಾಗ ಅದನ್ನು ಹೊರಗೆ ತೆಗೆಯದೆ ಪ್ರತ್ಯೇಕ ಬಿಲ್ ಮಾಡಿಸಿ ಎಂದಷ್ಟೇ ಹೇಳುತ್ತೇನೆ. ಹುಟ್ಟಿದ ದಿನಾಂಕವನ್ನಂತೂ ಕೊಡಬೇಡಿ. ಹುಟ್ಟುಹಬ್ಬದ ಉಡುಗೊರೆಗೆಂದು ಕೇಳುವ ಆ ದಿನಾಂಕ ಮೇಲ್ನೋಟಕ್ಕೆ ನಿರುಪದ್ರವಿಯಾಗಿ ಕಾಣುತ್ತದೆ. ಆದರೆ ಹುಟ್ಟಿದ ದಿನಾಂಕ, ಲಿಂಗ, ಅಂಚೆಯ ಪಿನ್‌ನಂಥ ಐದಂಕಿಯ ಜಿಪ್ ಕೋಡ್ ಈ ಮೂರರಿಂದಲೇ ಅಮೆರಿಕದ ಜನಸಂಖ್ಯೆಯ ಸುಮಾರು ಶೇ 87ರಷ್ಟು ಮಂದಿಯನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದೆಂದು ಸಂಶೋಧಕಿ ಲತಾನ್ಯಾ ಸ್ವೀನಿ ಅವರು 1990ರ ಜನಗಣತಿಯ ಅಂಕಿಅಂಶಗಳಿಂದ 2000ದಲ್ಲೇ ತೋರಿಸಿದ್ದರು.

ಈಗ ಇನ್‌ಕಾಗ್ನಿಟೊ ವಿಷಯ. ತಾಣವೊಂದು ನಿಮ್ಮನ್ನು ನೆನಪಿಡಲು ಬ್ರೌಸರ್‌ನಲ್ಲಿ ಉಳಿಸುವ ಪುಟ್ಟ ದಾಖಲೆಯೇ ಕುಕಿ; ಅದು ಹುಟ್ಟಿದ್ದೇ ಖರೀದಿಗಾಗಿ. 1994ರಲ್ಲಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಅದನ್ನು ರೂಪಿಸಿದಾಗ, ಗ್ರಾಹಕರು ಕಾರ್ಟಿಗೆ ಹಾಕಿದ್ದನ್ನು ನೆನಪಿಟ್ಟುಕೊಳ್ಳುವುದು ಅದರ ಕೆಲಸವಾಗಿತ್ತು. ಆಮೇಲೆ ಜಾಹೀರಾತು ಕಂಪನಿಗಳು ಅದನ್ನೇ ಬಳಸಿ ಒಂದು ತಾಣದಿಂದ ಇನ್ನೊಂದು ತಾಣಕ್ಕೆ ನಮ್ಮ ಬೆನ್ನು ಹತ್ತಿದವು. ಇನ್‌ಕಾಗ್ನಿಟೊ ಕಿಟಕಿ ಮುಚ್ಚಿದೊಡನೆ ಆ ಕುಕಿಗಳು ಅಳಿಯುತ್ತವೆ, ನಿಮ್ಮ ಸಾಧನದಲ್ಲಿ ಚರಿತ್ರೆ ಉಳಿಯುವುದಿಲ್ಲ. ಆದರೆ ಎದುರಿಗಿರುವ ತಾಣಕ್ಕೆ ನೀವು ಕಾಣುತ್ತಲೇ ಇರುತ್ತೀರಿ, ಲಾಗಿನ್ ಆದ ಮೇಲಂತೂ ಹೆಸರು ಸಮೇತ. ಇನ್‌ಕಾಗ್ನಿಟೊದಲ್ಲಿ ಸಂಗ್ರಹಿಸಿದ ಮಾಹಿತಿಯ ಬಗ್ಗೆ ಗೂಗಲ್ ವಿರುದ್ಧ 2020ರಲ್ಲಿ ಹೂಡಿದ ಮೊಕದ್ದಮೆಯು 2024ರಲ್ಲಿ ರಾಜಿಯಾದಾಗ, ಹೀಗೆ ಕೂಡಿಟ್ಟ ಅಪಾರ ಮಾಹಿತಿಯನ್ನು ನಾಶ ಮಾಡಲು ಆ ಕಂಪನಿ ಒಪ್ಪಬೇಕಾಯಿತು.

ಇದಕ್ಕಿಂತ ಸೂಕ್ಷ್ಮವಾದದ್ದು ಒಂದಿದೆ. ಕಾರ್ಟ್ ತುಂಬಿಸಿ, ಇಮೇಲ್ ಬರೆದು, ಡೆಲಿವರಿ ಶುಲ್ಕ ನೋಡಿ ಮನಸ್ಸು ಬದಲಾಯಿಸಿ ಪುಟ ಮುಚ್ಚುತ್ತೀರಿ ಎಂದುಕೊಳ್ಳಿ. ಬಟನ್ ಒತ್ತಲಿಲ್ಲವಲ್ಲ, ಏನೂ ಹೋಗಿಲ್ಲ ಎಂದೇ ಎಲ್ಲರೂ ಭಾವಿಸುತ್ತಾರೆ. ಯುರೋಪಿನ ವಿಶ್ವವಿದ್ಯಾಲಯಗಳ ಸಂಶೋಧಕರು ಜನಪ್ರಿಯವಾದ 1 ಲಕ್ಷ ತಾಣಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯುರೋಪಿನಿಂದ ಭೇಟಿ ಕೊಟ್ಟಾಗ 1,844 ತಾಣಗಳಲ್ಲಿ, ಅಮೆರಿಕದಿಂದ ಭೇಟಿ ಕೊಟ್ಟಾಗ 2,950 ತಾಣಗಳಲ್ಲಿ, ಬರೆದ ಇಮೇಲ್ ವಿಳಾಸವು ಬಟನ್ ಒತ್ತುವ ಮೊದಲೇ ಟ್ರ್ಯಾಕಿಂಗ್ ಕಂಪನಿಗಳಿಗೆ ಸೇರುತ್ತಿತ್ತು. ಅದೇ ತಾಣಗಳನ್ನು ಎರಡು ಜಾಗಗಳಿಂದ ನೋಡಿದಾಗ ಇಷ್ಟು ವ್ಯತ್ಯಾಸ ಬಂತೆಂದರೆ, ಕಾನೂನು ಬಿಗಿಯಿರುವ ಕಡೆ ತಾಣಗಳ ನಡತೆಯೂ ಬದಲಾಗುತ್ತದೆ ಎಂದು ನನಗನಿಸುತ್ತದೆ. ಕೊಳ್ಳುವುದು ಖಚಿತವಾಗುವ ತನಕ ಇಮೇಲ್ ಬರೆಯಬೇಡಿ. ಬ್ರೌಸರ್ ತಾನಾಗಿಯೇ ತುಂಬುವ ಸೌಲಭ್ಯವನ್ನು ವಿಳಾಸಗಳ ಮಟ್ಟಿಗಾದರೂ ಆಫ್ ಮಾಡಿಡಿ. ಖಾತೆ ತೆರೆಯದೆ ಗೆಸ್ಟ್ ಆಗಿ ಕೊಳ್ಳುವ ಅವಕಾಶವಿದ್ದರೆ ಅದನ್ನೇ ಆರಿಸಿ. ಬ್ರೌಸರ್‌ಗಳ ಪೈಕಿ ಸಫಾರಿ 2020ರಿಂದಲೇ ಹೊರಗಿನವರ, ಅಂದರೆ ನೀವು ತೆರೆದ ತಾಣದ್ದಲ್ಲದ, ಕುಕಿಗಳನ್ನು ತಡೆಯುತ್ತದೆ, ಫೈರ್‌ಫಾಕ್ಸ್ 2022ರಿಂದ ಒಂದೊಂದು ತಾಣದ ಕುಕಿಯನ್ನೂ ಪ್ರತ್ಯೇಕ ಡಬ್ಬಿಯಲ್ಲಿಡುತ್ತದೆ. ಕ್ರೋಮ್ ಹೊರಗಿನವರ ಕುಕಿಗಳನ್ನು ತೆಗೆದುಹಾಕುವುದಾಗಿ ಘೋಷಿಸಿ ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟಿತು, ಹಾಗಾಗಿ ಅದರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ತಡೆಯಬೇಕು. ವಿಪಿಎನ್ ಕೊಳ್ಳಿರೆಂಬ ಜಾಹೀರಾತುಗಳನ್ನು ನೋಡಿರುತ್ತೀರಿ. ಅದು ನಿಮ್ಮ ಇಂಟರ್‌ನೆಟ್ ಸಂಪರ್ಕದ ಗುರುತಾದ ಐಪಿ ವಿಳಾಸವನ್ನು ತಾಣಗಳಿಂದ ಮರೆಮಾಡುತ್ತದೆ ಅಷ್ಟೇ; ಹೆಸರು, ವಿಳಾಸ, ನಂಬರ್ ಮೂರನ್ನೂ ಬರೆದು ಆರ್ಡರ್ ಮಾಡುವವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ನಗದು ಇಂದಿಗೂ ಅತ್ಯಂತ ಖಾಸಗಿಯಾದ ಪಾವತಿ. ಆದರೆ ನಗದು ಕೊಟ್ಟು ನಂಬರನ್ನೂ ಹೇಳಿದರೆ, ನಿಮಗಾದಂತೆ, ಆ ಲಾಭ ಅಲ್ಲಿಗೇ ಮುಗಿಯಿತು. ಕಾರ್ಡಿನ ವಿಷಯದಲ್ಲಿ ಎರಡು ಅಪಾಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕಾರ್ಡ್ ನಂಬರ್ ಕಳುವಾಗುವುದು ಒಂದು. ಫೋನ್ ತಾಗಿಸಿ ಪಾವತಿಸುವ ವ್ಯವಸ್ಥೆಗಳಲ್ಲಿ ಅಂಗಡಿಗೆ ನಿಮ್ಮ ನಿಜವಾದ ಕಾರ್ಡ್ ನಂಬರಿನ ಬದಲು ಟೋಕನ್ ಎಂಬ ಬದಲಿ ನಂಬರ್ ಹೋಗುವುದರಿಂದ ಇದಕ್ಕೆ ಒಳ್ಳೆಯ ರಕ್ಷಣೆಯಿದೆ. ಬ್ಯಾಂಕ್ ಕೊಡುವ ವರ್ಚುವಲ್ ಕಾರ್ಡ್ ಕೂಡ ಆನ್‌ಲೈನ್‌ನಲ್ಲಿ ಇದೇ ಕೆಲಸ ಮಾಡುತ್ತದೆ. ಕಾರ್ಡಿನ ಹಿಂದಿರುವ ಸಿವಿವಿಯನ್ನು ಪಾವತಿಗೆ ಅನುಮತಿ ಸಿಕ್ಕ ಮೇಲೆ ಅಂಗಡಿಗಳು ಯಾವ ರೂಪದಲ್ಲೂ ಉಳಿಸಿಕೊಳ್ಳಬಾರದೆಂಬುದು ಕಾರ್ಡ್ ಉದ್ಯಮದ ಪಿಸಿಐ ನಿಯಮ, ಆದ್ದರಿಂದ ಅದನ್ನು ಫೋನಿನಲ್ಲೋ ಚಾಟಿನಲ್ಲೋ ಬರೆದುಕೊಡಿ ಎನ್ನುವವರಿಂದ ದೂರವಿರಿ. ಎರಡನೆಯದು ಖರೀದಿಗಳನ್ನೆಲ್ಲ ಒಬ್ಬರ ಲೆಕ್ಕಕ್ಕೆ ಸೇರಿಸುವುದು. ಟೋಕನ್ ಇಲ್ಲಿ ಅಷ್ಟಾಗಿ ನೆರವಾಗದು, ಏಕೆಂದರೆ ಬೇರೆ ಬೇರೆ ಟೋಕನ್‌ಗಳಿಂದ ಪಾವತಿಸಿದರೂ ಒಂದೇ ಖಾತೆಯೆಂದು ತಿಳಿಸುವ, ಪಿಎಆರ್ ಎಂದು ಕರೆಯುವ 29 ಅಕ್ಷರಗಳ ಗುರುತನ್ನು ಕಾರ್ಡ್ ಉದ್ಯಮವೇ ರೂಪಿಸಿದೆ. ಹೆಸರು ತೆಗೆದುಹಾಕಿದ ಪಾವತಿ ದಾಖಲೆಯೂ ಸುರಕ್ಷಿತವಲ್ಲ. 11 ಲಕ್ಷ ಜನರ 3 ತಿಂಗಳ ಕಾರ್ಡ್ ಪಾವತಿಗಳನ್ನು ಪರಿಶೀಲಿಸಿ 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಯಾವ ದಿನ ಯಾವ ಅಂಗಡಿಯಲ್ಲಿ ಎಂಬ 4 ವಿವರಗಳು ಸಿಕ್ಕರೆ ಶೇ 90ರಷ್ಟು ಜನರನ್ನು ಆ ರಾಶಿಯಲ್ಲಿ ಬೇರೆಯಾಗಿ ಗುರುತಿಸಬಹುದೆಂದು ಕಂಡುಬಂತು.

ಆ್ಯಪ್‌ಗಳ ಬಗ್ಗೆ ನನ್ನ ಸಲಹೆ ಚಿಕ್ಕದು: ಬ್ರೌಸರ್‌ನಲ್ಲಿ ಆಗುವ ಖರೀದಿಗೆ ಆ್ಯಪ್ ಹಾಕಿಕೊಳ್ಳಬೇಡಿ. ಹಾಕಿಕೊಂಡರೆ ಸಂಪರ್ಕಗಳ ಪಟ್ಟಿ, ಲೊಕೇಶನ್, ಬ್ಲೂಟೂತ್ ಅನುಮತಿಗಳನ್ನು ನಿರಾಕರಿಸಿ. ವಿಳಾಸವನ್ನು ಕೈಯಲ್ಲೇ ಬರೆದರೆ ಡೆಲಿವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ನೀವು ಕೊಂಡ ಯಂತ್ರದ ಡಬ್ಬಿಯಲ್ಲಿಯೂ ಕ್ಯೂಆರ್ ಕೋಡ್ ಇರುವ ಚೀಟಿಯೊಂದು ಇದ್ದಿರಬಹುದು. ಅದನ್ನು ಸ್ಕ್ಯಾನ್ ಮಾಡಿ ಆ್ಯಪ್ ಹಾಕಿಕೊಂಡು ಖಾತೆ ತೆರೆದರೆ ತಂದೆಯವರ ವಯಸ್ಸು, ತೂಕ, ಪ್ರತಿದಿನದ ಬಿಪಿ ಎಲ್ಲವೂ ತಯಾರಕರ ಸರ್ವರಿಗೆ ಹೋಗಬಹುದು. ಅಂಕಿ ಯಂತ್ರದ ಪರದೆಯ ಮೇಲೆಯೇ ಕಾಣಿಸುತ್ತದಾದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ, ವೈದ್ಯರಿಗೆ ತೋರಿಸಲೂ ಅದೇ ಅನುಕೂಲ. ಅಂಗಡಿಯಲ್ಲಿ ಓಟಿಪಿ ಕೇಳುವ ಉಚಿತ ವೈಫೈ ಕೂಡ ನಂಬರ್ ಪಡೆಯುವ ಇನ್ನೊಂದು ದಾರಿ. ಕ್ಯಾಮೆರಾಗಳ ಮಟ್ಟಿಗೆ ಗ್ರಾಹಕರ ಕೈಯಲ್ಲಿರುವುದು ಕಡಿಮೆ. ಕೆನಡಾದ 12 ಮಾಲ್‌ಗಳಲ್ಲಿ ದಾರಿ ತೋರಿಸುವ ಫಲಕಗಳೊಳಗೆ ಅಡಗಿಸಿದ್ದ ಕ್ಯಾಮೆರಾಗಳು ಜನರಿಗೆ ಸರಿಯಾಗಿ ತಿಳಿಸದೆ 50 ಲಕ್ಷ ಮುಖಚಿತ್ರಗಳನ್ನು ಸಂಗ್ರಹಿಸಿದ್ದು 2020ರಲ್ಲಿ ಬಯಲಾದದ್ದು ಖಾಸಗಿತನ ಆಯುಕ್ತರ ತನಿಖೆಯಿಂದ.

ಕಂಪನಿಗಳಿಗಿಂತ ಮನೆಯೊಳಗಿನವರಿಂದಲೇ ಖರೀದಿಯನ್ನು ಮರೆಮಾಡಬೇಕಾದವರೂ ಇದ್ದಾರೆ, ಮತ್ತು ಅವರ ಅಗತ್ಯ ನಮ್ಮೆಲ್ಲರಿಗಿಂತ ತುರ್ತಿನದು. ಒಂದೇ ಖಾತೆಯನ್ನು ಮನೆಮಂದಿಯೆಲ್ಲ ಬಳಸುತ್ತಿದ್ದರೆ ಹಳೆಯ ಆರ್ಡರ್‌ಗಳು, ಹುಡುಕಾಟ, ‘ನಿಮಗೆ ಇಷ್ಟವಾಗಬಹುದು’ ಎಂಬ ಸಾಲು ಎಲ್ಲರಿಗೂ ಕಾಣುತ್ತವೆ. ಆರ್ಡರ್ ಹೊರಟಿತೆಂಬ ಸಂದೇಶ ಲಾಕ್ ಆದ ಪರದೆಯ ಮೇಲೂ ಮೂಡುತ್ತದೆ. ಇಂಥವರಿಗೆ ಇನ್‌ಕಾಗ್ನಿಟೊ ನಿಜಕ್ಕೂ ಉಪಯುಕ್ತ. ಜತೆಗೆ ಬೇರೆ ಇಮೇಲ್‌ನಿಂದ ಗೆಸ್ಟ್ ಆಗಿ ಕೊಳ್ಳುವುದು, ಮನೆಗೆ ತರಿಸದೆ ಪಿಕಪ್ ಕೇಂದ್ರದಿಂದ ಪಡೆಯುವುದು ಒಳ್ಳೆಯದು. ಪಾರ್ಸೆಲ್ ಡಬ್ಬಿಯನ್ನು ಎಸೆಯುವ ಮುನ್ನ ಲೇಬಲ್ ಹರಿದುಹಾಕಿ, ವಿಮರ್ಶೆಯೊಂದಿಗೆ ಫೋಟೊ ಹಾಕುವಾಗ ಹಿನ್ನೆಲೆಯಲ್ಲಿ ಆ ಲೇಬಲ್ ಬಿದ್ದಿಲ್ಲವೆಂದು ನೋಡಿಕೊಳ್ಳಿ.

ಈಗಾಗಲೇ ಕೊಟ್ಟಿರುವ ನಂಬರಿನ ವಿಷಯಕ್ಕೆ ಬರೋಣ. ಹಳೆಯ ದಾಖಲೆಗಳನ್ನು ಅಳಿಸಿಸುವುದು ವ್ಯರ್ಥ ಶ್ರಮವೆಂದು ತಿಳಿಯಬೇಡಿ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಜಾಲಕ್ಕೆ ಕನ್ನ ಬಿದ್ದಾಗ 4 ಕೋಟಿ ಕಾರ್ಡುಗಳ ವಿವರದ ಜೊತೆಗೆ 7 ಕೋಟಿಯಷ್ಟು ಗ್ರಾಹಕರ ಹೆಸರು, ವಿಳಾಸ, ಫೋನ್, ಇಮೇಲ್ ಮುಂತಾದವು ಹೋದವು. ಕಳ್ಳರು ಒಳಗೆ ನುಗ್ಗಿದ್ದು ಅಲ್ಲಿನ ಹವಾನಿಯಂತ್ರಣದ ಗುತ್ತಿಗೆದಾರರ ಪಾಸ್‌ವರ್ಡ್ ಬಳಸಿ. ಅಂಗಡಿಯ ಉದ್ದೇಶ ಒಳ್ಳೆಯದೇ ಇದ್ದರೂ ಅದರಲ್ಲಿ ಉಳಿದ ಮಾಹಿತಿ ಹೀಗೆ ಹೊರಹೋಗಬಹುದು. ಯುರೋಪ್ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್‌ನಂಥ ಮಾಹಿತಿ ರಕ್ಷಣೆಯ ಕಾನೂನುಗಳು, ತನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಎಂದು ಕೇಳುವ ಮತ್ತು ಅಳಿಸಿ ಎನ್ನುವ ಹಕ್ಕನ್ನು ಗ್ರಾಹಕರಿಗೆ ಕೊಟ್ಟಿವೆ. ಅಂಥ ಕಾನೂನು ಇಲ್ಲದ ಕಡೆಯೂ ದೊಡ್ಡ ಅಂಗಡಿಗಳ ಖಾಸಗಿತನ ನೀತಿಯ ಕೊನೆಯಲ್ಲಿ ಇದಕ್ಕೆಂದು ಒಂದು ಇಮೇಲ್ ವಿಳಾಸವಿರುತ್ತದೆ. ತೆರಿಗೆಯ ಲೆಕ್ಕಕ್ಕೆ ಬೇಕಾದ ಬಿಲ್ಲುಗಳನ್ನು ಅವರು ಅಳಿಸಲಾರರು. ಪಾಯಿಂಟ್ಸ್ ಖಾತೆ, ಉಳಿಸಿಟ್ಟ ಕಾರ್ಡ್, ಜಾಹೀರಾತಿಗೆ ಬಳಸುವ ಪಟ್ಟಿ ಇವುಗಳಿಂದ ನಿಮ್ಮನ್ನು ತೆಗೆಯಬಲ್ಲರು.

ಎಲ್ಲಕ್ಕೂ ಮೊದಲು, ನಿಮಗೆ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಖಾತೆಯಿದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ಮೆಟಾದ ಹೊರಗಿನ ನಿಮ್ಮ ಚಟುವಟಿಕೆ ಎಂಬ ಭಾಗವನ್ನು ತೆರೆದು ನೋಡಿ. ನಿಮ್ಮ ಬಗ್ಗೆ ಮಾಹಿತಿ ಕಳಿಸಿದ ಸಂಸ್ಥೆಗಳ ಪಟ್ಟಿ ಅಲ್ಲಿರುತ್ತದೆ. ಆ ಬಿಪಿ ಜಾಹೀರಾತು ಮತ್ತೆ ಕಾಣಿಸಿದಾಗ ಅದರ ಮೂಲೆಯ ಚುಕ್ಕಿಗಳನ್ನು ಒತ್ತಿ, ಇದನ್ನು ನನಗೇಕೆ ತೋರಿಸುತ್ತಿದ್ದೀರಿ ಎಂಬುದನ್ನೂ ಕೇಳಿ. ಜಾಹೀರಾತು ಕೊಟ್ಟವರು ತಮ್ಮ ಗ್ರಾಹಕರ ಪಟ್ಟಿಯನ್ನು ಬಳಸಿದ್ದರೆ ಉತ್ತರದಲ್ಲಿ ಆ ಮಾತು ಬರುತ್ತದೆ. ಮೆಟಾ ತೋರಿಸುವ ಸಂಸ್ಥೆಗಳ ಪಟ್ಟಿಯಲ್ಲಿ ನಿಮ್ಮ ಅಂಗಡಿಯ ಹೆಸರಿದ್ದರೆ ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಆಮೇಲೆ ಅಲ್ಲಿಯೇ ಸಂಪರ್ಕವನ್ನು ಕಡಿದುಹಾಕಿ, ಮುಂದೆಯೂ ಜೋಡಿಸದಂತೆ ಆಯ್ಕೆ ಮಾಡಿ. ಸ್ಕ್ರೀನ್‌ಶಾಟ್ ಲಗತ್ತಿಸಿ ಅಂಗಡಿಗೆ ಪತ್ರ ಬರೆಯುವಾಗ ಖರೀದಿಯ ದಿನಾಂಕವನ್ನೂ ಬಿಲ್ ನಂಬರನ್ನೂ ತಪ್ಪದೆ ನಮೂದಿಸಿ.